ಗುಳೆ ಹೋದವರನ್ನ ಮೊದ್ಲು ಎಣಸ್ರಿ: ಕಲ್ಯಾಣ ಕರ್ನಾಟಕ ಮಂಡಳಿಗೆ ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಧ್ಯಕ್ಷರಿಗೆ, ಕಾರ್ಯದರ್ಶಿ ಸಾಹೇಬ್ರಿಗೆ, ಮಂಡಳ್ಯಾಗ ಸದಸ್ಯರಾಗಿರೋ ನಮ್ಮ ಭಾಗದ ಶಾಸಕರಿಗೆ, ಎಲ್ಲಾರಿಗೂ ನಮಸ್ಕಾರ್ರಿ.

ಯಾದಗಿರಿ ಜಿಲ್ಲಾದಾಗ ನಂದೊಂದು ಆನ್‌ಲೈನ್ ಸೆಂಟರ್ ಅದರಿ. ರೇಷನ್ ಕಾರ್ಡ್ ಇ-ಕೆವೈಸಿ, ಜಾತಿ ಆದಾಯ ಸರ್ಟಿಫಿಕೇಟ್, ಬೆಳೆ ವಿಮೆ, ಲೇಬರ್ ಕಾರ್ಡ್, ಗೃಹಲಕ್ಷ್ಮಿ ರೊಕ್ಕ ಯಾಕ ಬಂದಿಲ್ಲ ಅಂತ ಚೆಕ್ ಮಾಡೋದು, ದಿನಾ ಇದೇ ಕೆಲಸ. ಹಿಂಗಾಗಿ ಊರಾಗ ಯಾರ ಮನಿ ತೆರದದ ಯಾರ ಮನಿಗಿ ಬೀಗ ಬಿದ್ದದ ಅನ್ನೋದು ನನಗ ತಾನಾಗೇ ಗೊತ್ತಾಗ್ತದ, ಯಾಕಂದ್ರ ಊರು ಬಿಡೂಕಿಂತ ಮೊದ್ಲು ಮಂದಿ ಬೆರಳು ಒತ್ಲಾಕ ನನ್ನ ಹತ್ರಾನೇ ಬರ್ತಾರ.

ನಾನು ಕೇಳ್ಲತ್ತಿರೋದು ಒಂದೇ ವಿಷಯ. ಪ್ರತಿ ವರ್ಷ, ಪ್ರತಿ ಗ್ರಾಮ ಪಂಚಾಯ್ತ್ಯಾಗ, ಎಷ್ಟು ಮನಿ ಮಂದಿ ಹೊಟ್ಟಿ ಪಾಡಿಗಿ ಗುಳೆ ಹೋದ್ರು, ಅವರ ಜೋಡಿ ಎಷ್ಟು ಮಕ್ಕಳು ಹೋದ್ವು, ಇಷ್ಟು ಎಣಸ್ರಿ. ಎಣಿಸಿದ್ದನ್ನ ಎಲ್ಲಾರಿಗೂ ಕಾಣೋಹಂಗ ಹಾಕ್ರಿ. ಆಮ್ಯಾಲ ನಿಮ್ಮ ಕ್ರಿಯಾ ಯೋಜನೆ ಏನದ, ಅದು ಆ ಲೆಕ್ಕ ನೋಡ್ಕೊಂಡು ಆಗ್ಲಿ. ಇಷ್ಟು ಸಣ್ಣ ಮಾತಿಗಿ ಇಷ್ಟುದ್ದ ಪತ್ರ ಯಾಕ ಅಂತ ಕೇಳಬಹುದು, ಕಾರಣ ಹೇಳ್ತೀನಿ, ದಯಮಾಡಿ ಪೂರ್ತಿ ಓದ್ರಿ.

ದೇಶದಾಗ ಬಡತನ ಇಳದದ ಅನ್ನೋ ಮಾತು ಸುಳ್ಳಲ್ಲ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದ ಪ್ರಕಾರ 2015-16ರಾಗ ನೂರಕ್ಕ 24.85 ಇದ್ದಿದ್ದು 2019-21ಕ್ಕ 14.96ಕ್ಕ ಬಂತು, ಅಂದ್ರ 13.5 ಕೋಟಿ ಮಂದಿ ಆ ಗೆರಿ ದಾಟಿದ್ರು. ವಿಶ್ವ ಬ್ಯಾಂಕ್ 2025ರಾಗ ದಿನಕ್ಕ 3 ಡಾಲರ್ ಅಂತ ಹೊಸ ಗೆರಿ ಹಾಕಿ ಲೆಕ್ಕ ಮಾಡ್ದಾಗ ಕೂಡ ಭಾರತದಾಗ ಕಡು ಬಡತನ 2011-12ರ 27.1%ನಿಂದ 2022-23ಕ್ಕ 5.3%ಗೆ ಇಳದದ ಅಂತ ಬಂತು. ಇದನ್ನ ನಾನು ಕಣ್ಣಾರೆ ನೋಡೀನಿ. ನಮ್ಮ ಊರಾಗ ಈಗ ಗ್ಯಾಸ್ ಅದ, ಕರೆಂಟ್ ಅದ, ಪ್ರತಿ ಹೆಣ್ಮಗಳಿಗೂ ಬ್ಯಾಂಕ್ ಖಾತೆ ಅದ, ನಮ್ಮ ಅಮ್ಮನ ಕಾಲದಾಗ ಇದ್ಯಾವುದೂ ಇದ್ದಿಲ್ಲ. ಇದು ದೊಡ್ಡ ಬದಲಾವಣೆ, ಇದಕ್ಕ ದುಡಿದವರಿಗೆ ನಮಸ್ಕಾರ.

ಆದ್ರ ಆ ಸೂಚ್ಯಂಕದಾಗ ಏನೇನು ಎಣಸ್ತಾರ ಅಂತ ಒಮ್ಮೆ ಕೂತು ನೋಡ್ರಿ. ಒಟ್ಟು 12 ವಿಷಯ. ಪೌಷ್ಟಿಕತೆ, ಮಕ್ಕಳ ಸಾವು, ತಾಯಿ ಆರೋಗ್ಯ, ಓದಿದ ವರ್ಷ, ಸಾಲಿಗಿ ಹೋಗ್ಲತ್ತಾರೋ ಇಲ್ಲೋ, ಅಡಗಿ ಇಂಧನ, ಪಾಯಖಾನಿ, ಕುಡಿಯೋ ನೀರು, ಕರೆಂಟ್, ಮನಿ, ಸಾಮಾನು, ಬ್ಯಾಂಕ್ ಖಾತೆ. ಈಗ ನಮ್ಮ ಕಡಿ ಒಂದು ಮನಿ ತಗೋರಿ. ಆಶ್ರಯ ಮನಿ ಅದ, ಉಜ್ವಲಾ ಸಿಲಿಂಡರ್ ಅದ, ಪಾಯಖಾನಿ ಕಟ್ಟ್ಯಾರ, ಖಾತೆ ಅದ. ಕಾಗದದ ಮ್ಯಾಲ ಈ ಮನಿ ಬಡತನದಿಂದ ಹೊರಗ ಬಂದದ. ಆದ್ರ ಆ ಮನಿಗಿ ಬೀಗ ಬಿದ್ದದ, ಗಂಡ ಹೆಂಡ್ತಿ ಮಕ್ಕಳು ಬೆಂಗಳೂರಾಗ ಯಾವುದೋ ಅಪಾರ್ಟ್‌ಮೆಂಟ್ ಕಟ್ಟೋ ಜಾಗದಾಗ ತಗಡಿನ ಶೆಡ್‌ನ್ಯಾಗ ಅದಾರ, ಅಲ್ಲಿ ಗ್ಯಾಸ್ ಇಲ್ಲ, ಕಟ್ಟಿಗಿ ಒಲಿ, ಪಾಯಖಾನಿ ಹತ್ತು ಹದಿನೈದು ಮನಿಗಿ ಸೇರಿ ಒಂದು, ಕುಡಿಯೋ ನೀರು ಟ್ಯಾಂಕರ್ದು, ಮಕ್ಕಳು ಸಾಲಿ ಬಿಟ್ಟು ಜಲ್ಲಿ ರಾಶಿ ಮ್ಯಾಲ ಆಡ್ಲತ್ತಾವ. ಬಡತನ ಇಳದದ ಅನ್ನೋ ಲೆಕ್ಕದಾಗ ಈ ಮನಿ ಎಲ್ಲಿ ಬರ್ತದ? ಸರ್ವೇದವರು ಬಂದಾಗ ಬೀಗ ಇದ್ರ ಲೆಕ್ಕದಾಗೇ ಬರಲ್ಲ. ಮುದುಕಿ ಒಬ್ಬಾಕಿ ಮನ್ಯಾಗ ಇದ್ರ ಆಕಿ ಎಲ್ಲಾ ಅದರಿ ಅಂತಾಳ, ಖರೇನೂ ಅದ, ಮನ್ಯಾಗ ಎಲ್ಲಾ ಅದ, ಮನ್ಯಾಗಿನ ಮಂದಿ ಅಷ್ಟೇ ಇಲ್ಲ.

ನಾನು ಈ ಒಂದು ಸಂಖ್ಯೆ ಮ್ಯಾಲ ಇಷ್ಟು ಹಟ ಹಿಡಿಯೋದು ಇದಕ್ಕೇರಿ. ಯಾದಗಿರಿ ಜಿಲ್ಲಾ ಅದೇ ನೀತಿ ಆಯೋಗದ ಮೊದಲ ವರದ್ಯಾಗ 41.67% ಬಡತನ ಇರೋ ಜಿಲ್ಲಾ, ಇಡೀ ಕರ್ನಾಟಕದಾಗ ಮೊದಲ್ನೇದು. ಆ ಹಳೇ ಅಂಕಿ ಕೆಳಗ ಬಂದದ ಅಂತ ನೀವು ಹೇಳ್ತೀರಿ, ನಾನು ಒಪ್ತೀನಿ. ಎಷ್ಟು ಮನಿ ನಮ್ಮ ಊರಾಗೇ ದುಡಿದು ಮ್ಯಾಲ ಬಂದಾವ, ಎಷ್ಟು ಮನಿ ಊರು ಬಿಟ್ಟು ಲೆಕ್ಕದಿಂದ ತಪ್ಪಿಸ್ಕೊಂಡಾವ, ಇದನ್ನ ಯಾರೂ ಬ್ಯಾರೆ ಮಾಡಿ ಹೇಳಿಲ್ಲ.

ಇನ್ನೊಂದು ಮಾತು ಕೇಳ್ರಿ. ಬೆಂಗಳೂರು ನಗರ ಜಿಲ್ಲಾದ ತಲಾ ಆದಾಯಕ್ಕೂ ಕಲಬುರಗಿ ಜಿಲ್ಲಾದ್ದಕ್ಕೂ ರಾಜ್ಯ ಸರಕಾರದ ಆರ್ಥಿಕ ಸಮೀಕ್ಷೆನೇ ಹೆಚ್ಚುಕಡಿಮಿ ಐದು ಪಟ್ಟು ವ್ಯತ್ಯಾಸ ತೋರಸದ. ರಾಜ್ಯದ ಒಟ್ಟು ಉತ್ಪನ್ನದಾಗ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೆಂಗಳೂರೊಂದೇ ಕೊಡ್ತದ ಅಂತ ಹೆಮ್ಮಿಯಿಂದ ಹೇಳ್ತಾರ. ಆ ಬೆಂಗಳೂರಿನ ಕಟ್ಟಡಕ್ಕ ಸಿಮೆಂಟ್ ಹೋಗೋದು ಸೇಡಂ, ಮಳಖೇಡ, ವಾಡಿ ಕಡಿಯಿಂದ, ಆ ಸಿಮೆಂಟ್ ಕಲಸೋ ಕೈ ಹೋಗೋದು ಸುರಪುರ, ಗುರುಮಠಕಲ್, ಚಿತ್ತಾಪುರ ಕಡಿಯಿಂದ. ಕಲ್ಲೂ ನಮ್ದು ಕೈಯೂ ನಮ್ದು, ಉತ್ಪನ್ನ ಮಾತ್ರ ಆ ಜಿಲ್ಲಾದ ಲೆಕ್ಕದಾಗ ಬರ್ತದ. ಸರಾಸರಿ ತಗದ್ರ ಕರ್ನಾಟಕ ಶ್ರೀಮಂತ ರಾಜ್ಯ. ಸರಾಸರಿ ನೋಡಿ ಖುಷಿ ಪಡೋವ್ರು ಒಮ್ಮೆ ರಾತ್ರಿ ಯಾದಗಿರಿ ಸ್ಟೇಷನ್ನಿಗಿ ಬಂದು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ನೋಡ್ಲಿ.

ಮೊದ್ಲು ಬೆಳವಣಿಗಿ ಆಗ್ಲಿ, ಅಸಮಾನತೆ ಆಮ್ಯಾಲ ತಾನೇ ಇಳೀತದ ಅಂತ ಓದಿದವರು ಹೇಳ್ತಾರ. ಸೈಮನ್ ಕುಜ್ನೆಟ್ಸ್ ಅನ್ನೋ ಅರ್ಥಶಾಸ್ತ್ರಜ್ಞ 1955ರಾಗ ಇಂಥದ್ದೇ ಒಂದು ಅಂದಾಜು ಇಟ್ಟಿದ್ರು, ಹಳ್ಳಿಯಿಂದ ಪಟ್ಟಣಕ್ಕ ಮಂದಿ ಹೋದಂಗ ಮೊದ್ಲು ಅಂತರ ಏರ್ತದ, ಮುಂದ ಇಳೀತದ ಅಂತ. ಅಂದಾಜು ಮಾಡಿದ್ದು ಬ್ಯಾರೆ ದೇಶಗಳ ಅಂಕಿ ನೋಡಿ, ಅದೂ ಭಾಳ ಕಡಿಮಿ ಅಂಕಿ ಅಂತ ಅವರೇ ಒಪ್ಕೊಂಡಿದ್ರು. ನಮ್ಮ ಆಫೀಸುಗಳ್ಯಾಗ ಅದು ಕಾಯ್ರಿ ಅನ್ನೋ ಉತ್ತರ ಆಗಿಬಿಟ್ಟದ. ದಕ್ಷಿಣ ಕೊರಿಯಾ, ತೈವಾನ್ ಹಂಗ ಕಾಯಲಿಲ್ಲ, 1950ರ ಆಸುಪಾಸಿನಾಗೇ ಜಮೀನು ಉಳೋವ್ರಿಗಿ ಹಂಚಿದ್ರು, ಮಕ್ಕಳನ್ನ ಸಾಲಿಗಿ ಕಳಿಸಿದ್ರು, ಆಮ್ಯಾಲ ಫ್ಯಾಕ್ಟರಿ ಬಂದಾಗ ಆ ಬೆಳವಣಿಗಿ ಎಲ್ಲಾರ ಮನಿಗಿ ಹೋಯ್ತು. ನಮ್ಮ ರಾಜ್ಯದಾಗೂ 1974ರ ಭೂ ಸುಧಾರಣೆ ಕಾಯ್ದೆ ತಿದ್ದುಪಡಿಯಿಂದ ಎಷ್ಟೋ ಗೇಣಿದಾರರು ಜಮೀನಿನ ಒಡೆಯರಾದ್ರು, ಆದ್ರ ನಮ್ಮ ಕಡಿ ಹೊಲ ಇಲ್ಲದ ಕೂಲಿಯವರು, ಬ್ಯಾರೆಯವರ ಹೊಲ ಲಾವಣಿ (ಗುತ್ತಿಗಿ) ಹಾಕ್ಕೊಂಡು ಮಾಡೋವ್ರು ಇವತ್ತಿಗೂ ಭಾಳ ಮಂದಿ ಅದಾರ, ಗುಳೆ ಹೋಗೋವ್ರೂ ಹೆಚ್ಚು ಇವ್ರೇ.

ಚೀನಾದ ಮಾತು ಎಲ್ಲಾರೂ ಆಡ್ತಾರ. ನಲವತ್ತು ವರ್ಷದಾಗ ಹತ್ತತ್ರ 80 ಕೋಟಿ ಮಂದಿ ಕಡು ಬಡತನದಿಂದ ಹೊರಗ ಬಂದ್ರು. ಖರೆ. ಆದ್ರ ಅಲ್ಲಿ ಬಡತನ ಜೋರಾಗಿ ಇಳದಿದ್ದು ಶಾಂಘೈದ ಗಗನಚುಂಬಿ ಕಟ್ಟಡ ಎದ್ದಾಗಲ್ಲ, 1978 ಆದ ಮ್ಯಾಲಿನ ಮೊದಲ ಕೆಲವು ವರ್ಷದಾಗ, ಒಕ್ಕಲುತನವನ್ನ ಮನಿ ಮನಿಗಿ ವಹಿಸಿ, ಬೆಳೆಗಿ ಸರಕಾರ ದರ ಏರಿಸ್ದಾಗ. ಅದರ ಬೆನ್ನಿಗೇ ಹಳ್ಳಿ, ಸಣ್ಣ ಪಟ್ಟಣದಾಗೇ ಸಣ್ಣ ಫ್ಯಾಕ್ಟರಿ ಹುಟ್ಟಿದ್ವು. ಮುಂದ ಮಂದಿ ದೂರದ ನಗರಗಳಿಗಿ ಹೋಗ್ಲಾಕ ಶುರು ಮಾಡಿದ್ರು, ಸಂಪತ್ತು ಬಂತು, ಅಸಮಾನತೆನೂ ಬಂತು, 2010ರ ಜನಗಣತಿ ಹಿಡದು ಲೆಕ್ಕ ಹಾಕ್ದಾಗ 6 ಕೋಟಿ ಮಕ್ಕಳು ಅಪ್ಪ ಅಮ್ಮ ಇಬ್ಬರ್ನೂ ಇಲ್ಲಾ ಒಬ್ಬರ್ನ ಬಿಟ್ಟು ಹಳ್ಯಾಗ ಬೆಳೀಲತ್ತಿದ್ರು ಅಂತ ತಿಳೀತು. ಆ ದೇಶ ಕನಿಷ್ಠ ಆ ಮಕ್ಕಳನ್ನ ಎಣಿಸ್ತು. ನಾವು ನಮ್ಮ ಮಕ್ಕಳನ್ನ ಎಣಿಸಿಲ್ಲ.

ನೈಜೀರಿಯಾ ಇನ್ನೊಂದು ಕಡೀದು. 2014ರಾಗ ಲೆಕ್ಕ ಮತ್ತೆ ಹಾಕ್ದಾಗ ಆಫ್ರಿಕಾದ ಅತಿ ದೊಡ್ಡ ಆರ್ಥಿಕತೆ ಅಂತ ಆಯ್ತು, ಆದ್ರ ಎಣ್ಣಿ ಬಾವಿಯಿಂದ ಬಂದ ಸಂಪತ್ತು ಹಳ್ಳಿ ಕಡಿ ಹರೀಲಿಲ್ಲ, ಕೋಟಿಗಟ್ಟಲೆ ಮಂದಿ ಬಡವ್ರಾಗೇ ಉಳಿದ್ರು. ನೆಲದಾಗಿಂದ ತಗದು ಕಳಿಸೋ ಸಂಪತ್ತಿನ ಕತಿ ಅದು. ನಮ್ಮ ಸುಣ್ಣದ ಕಲ್ಲಿನ ಪಟ್ಟಿ ನೋಡ್ದಾಗ ನನಗ ಆ ದೇಶ ನೆನಪಾಗ್ತದ.

ಈಗ ತೊಗರಿ ಮಾತಿಗಿ ಬರ್ತೀನಿ, ಇದು ನಮ್ಮ ಜೀವದ ಮಾತು. ಗುಲಬರ್ಗಾ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇದೇ ಸೀಮಿ ಮಾಲು ಅನ್ನೋ ಸರಕಾರಿ ಗುರುತು, ಬಂತು, ಹೆಸರು ದೊಡ್ಡದಾಯ್ತು, ದರ ಸ್ಥಿರ ಆಗ್ಲಿಲ್ಲ. 2015ರಾಗ ಅಂಗಡ್ಯಾಗ ಬ್ಯಾಳಿ ಕಿಲೋಕ್ಕ 200 ರೂಪಾಯಿ ಮುಟ್ದಾಗ ದೇಶಕ್ಕ ದೇಶವೇ ಒದ್ದಾಡ್ತು. ಆ ದರ ನೋಡಿ ನಮ್ಮ ಮಂದಿ ಮರುವರ್ಷ ಹೊಲ ತುಂಬ ತೊಗರಿ ಬಿತ್ತಿದ್ರು. ಮಳಿ ಛಲೋ ಆಯ್ತು, ಮಾಲು ರಾಶಿ ರಾಶಿ ಬಂತು, ಅದೇ ಹೊತ್ನ್ಯಾಗ ಹೊರ ದೇಶದಿಂದನೂ ಮಾಲು ಬಂತು, 2017ರ ಶುರುವಿನಾಗ ಬೆಂಬಲ ಬೆಲೆ ಕ್ವಿಂಟಲ್‌ಗಿ 5,050 ಇದ್ರ ಅಡತ್ಯಾಗ (ದಲ್ಲಾಳಿ ಅಂಗಡ್ಯಾಗ) ಅದಕ್ಕಿಂತ ಕಡಿಮಿ ಕೇಳಿದ್ರು. ಖರೀದಿ ಕೇಂದ್ರದ ಮುಂದ ಟ್ರ್ಯಾಕ್ಟರ್ ಸಾಲು, ಚೀಲ ಇಲ್ಲ ಅಂತ ಒಂದಿನ, ನೋಂದಣಿ ಬಂದ್ ಅಂತ ಇನ್ನೊಂದಿನ. ಸಣ್ಣ ರೈತಗ ಅಷ್ಟು ದಿನ ಕಾಯೋ ತಾಕತ್ತು ಎಲ್ಲಿಂದ ಬರ್ಬೇಕ್ರಿ, ಬೀಜ ಗೊಬ್ಬರದ ಉದ್ರಿ ತೀರಸ್ಬೇಕು, ಸಾಲ ಕೊಟ್ಟ ಅಡತಿ ಸಾಹುಕಾರಗೇ ಮಾಲು ಹಾಕ್ತಾನ. ಕಾಯೋ ತಾಕತ್ತು ಇದ್ದವಗ ಬೆಂಬಲ ಬೆಲೆ ಸಿಗ್ತದ, ಇಲ್ಲದವಗ ಸಿಗಲ್ಲ. ಒಂದೇ ಊರಾಗ, ಒಂದೇ ಬೆಳ್ಯಾಗ, ಅಸಮಾನತೆ ಹೆಂಗ ಹುಟ್ತದ ಅಂತ ತಿಳ್ಕೊಳ್ಳಾಕ ಇದಕ್ಕಿಂತ ದೊಡ್ಡ ಪಾಠ ಬ್ಯಾಡ.

2025-26ಕ್ಕ ತೊಗರಿ ಬೆಂಬಲ ಬೆಲೆ 8,000 ರೂಪಾಯಿ ಮಾಡ್ಯಾರ. ಕಾಗದದ ಮ್ಯಾಲ ಛಲೋ ದರ. ಅದೇ ಸರಕಾರ 2021ರಿಂದ ತೊಗರಿ ಆಮದಿಗಿ ಸುಂಕ ಇಲ್ಲದಂಗ ಮಾಡಿ ಮುಂದೂಡ್ಕೋತ ಬಂದದ, ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ ಕಡಿಂದ ಮಾಲು ಬರ್ತದ. ಅಲ್ಲಿ ಬೆಳೆಯೋವ್ರೂ ನಮ್ಮಂಥ ಬಡ ರೈತರೇ, ಅವರ ಮ್ಯಾಲ ನನಗ ಸಿಟ್ಟಿಲ್ಲ. ಪಟ್ಟಣದಾಗ ಬ್ಯಾಳಿ ಸೋವಿ ಇರ್ಬೇಕು ಅಂತ ತೀರ್ಮಾನ ತಗೊಂಡಾಗ ಅದರ ಖರ್ಚು ಯಾರು ಹೊತ್ಕೋಬೇಕು ಅನ್ನೋ ಪ್ರಶ್ನೆನೂ ಜೊತಿಗೇ ಬರಬೇಕಲ್ಲ, ಅದು ಬರ್ಲೇ ಇಲ್ಲ. ಸುಂಕ ದಿಲ್ಲಿ ಕೈಯಾಗಿನ ಮಾತು, ನಿಮ್ಮ ಕೈಯಾಗ ಇಲ್ಲ ಅಂತ ನನಗ ಗೊತ್ತದ. ಆದ್ರ ಹೋಬಳಿಗೊಂದು ಗೋದಾಮು, ಒಣಗ್ಸೋ ಕಟ್ಟಿ, ಮಾಲು ಇಟ್ಟು ರಶೀದಿ ಮ್ಯಾಲ ಸಾಲ ತಗೊಳ್ಳೋ ಅನುಕೂಲ, ಹೆಣ್ಮಕ್ಕಳ ಸಂಘಗಳಿಗಿ ಸಣ್ಣ ಬ್ಯಾಳಿ ಮಿಲ್ಲು, ಇವು ನಿಮ್ಮ ಕೈಯಾಗ ಅವ. ರೈತ ಮೂರು ತಿಂಗಳು ಕಾಯೋಹಂಗಾದ್ರ ಅವನ ವರ್ಷಾನೇ ಬದಲಾಗ್ತದ, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಚರಗ ಚೆಲ್ಲಿ ರಾಶಿ ಮುಗಿಸಿ ಮಿರಗ (ಮೃಗಶಿರ) ಮಳಿತನ ಬೆಂಗಳೂರು ಹಿಡಿಯೋದು ತಪ್ತದ.

ಉದ್ಯೋಗ ಕೊಡ್ಲಾಕ ಫ್ಯಾಕ್ಟರಿ ಬರ್ಬೇಕು, ನಾನೂ ಒಪ್ತೀನಿ. ನಮ್ಮ ಜಿಲ್ಲಾದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕ ಸಾವಿರಾರು ಎಕರೆ ಹೊಲ ಹೋಯ್ತು, ಅಲ್ಲಿ ಕೆಮಿಕಲ್ ಕಂಪನಿಗಳು ಬಂದ್ವು, ನಾತದ ಬಗ್ಗೆ, ನೀರಿನ ಬಗ್ಗೆ ಸುತ್ತಲ ಊರವರು ಎಷ್ಟೋ ವರ್ಷದಿಂದ ಕೂಗ್ಲತ್ತಾರ. ಕಲಬುರಗಿಗಿ 2023ರಾಗ ಪಿಎಂ ಮಿತ್ರಾ ಜವಳಿ ಪಾರ್ಕ್ ಅಂತ ಸಾವಿರ ಎಕರೆದ ಯೋಜನೆ ಬಂತು, ಅದು ಆದ್ರ ಒಳ್ಳೇದೇ, ಯಾಕಂದ್ರ ಬಟ್ಟಿ ಹೊಲಿಯೋ ಕೆಲಸದಾಗ ಹೆಣ್ಮಕ್ಕಳಿಗಿ ಜಾಗ ಇರ್ತದ, ಬಾಂಗ್ಲಾದೇಶದಾಗ ಗಾರ್ಮೆಂಟ್ ಕೆಲಸ ಲಕ್ಷಾಂತರ ಹೆಣ್ಮಕ್ಕಳ ಕೈಗಿ ರೊಕ್ಕ ಕೊಟ್ಟದ. ಆದ್ರ ಅಲ್ಲೇ 2013ರಾಗ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕಿಂತ ಹೆಚ್ಚು ಮಂದಿ ಸತ್ರು. ಬಡವರಿಗಿ ಯಾವುದಾದ್ರೂ ಕೆಲಸ ಸಿಕ್ಕ್ರ ಸಾಕು ಅನ್ನೋ ಮಾತು ಆಡೋಕಿಂತ ಮೊದ್ಲು ಅದನ್ನ ನೆನಸ್ಬೇಕು.

ಮಕ್ಕಳ ವಿಷಯ ಬರಿಯೋವಾಗ ನನ್ನ ಕೈ ಭಾರ ಆಗ್ತದ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಾಗ ಉಡುಪಿ 94%, ಕೊನೇ ಜಾಗದಾಗ ಯಾದಗಿರಿ 50.59%. 2025ರಾಗ ದಕ್ಷಿಣ ಕನ್ನಡ 91.12%, ಕೊನೇ ಜಾಗಕ್ಕ ಕಲಬುರಗಿ, 42.43%. ಹುಡುಗೂರಿಗಿ ಬುದ್ಧಿ ಇಲ್ಲ ಅಂತ ಯಾರಾದ್ರೂ ಹೇಳ್ತಾರೇನ್ರಿ? ನವೆಂಬರ್, ಡಿಸೆಂಬರದಾಗ ಅವ್ವ ಅಪ್ಪನ ಬೆನ್ನಹತ್ತಿ ಹೋದ ಹುಡುಗಿ ಮಾರ್ಚದಾಗ ಪರೀಕ್ಷೆ ಬರೀಲಾಕ ವಾಪಸ್ ಬಂದ್ರ ಏನು ಬರೀತಾಳ. ದೊಡ್ಡಾಕಿ ಆದ್ರ ಶೆಡ್‌ನ್ಯಾಗ ತಮ್ಮ ತಂಗಿ ನೋಡ್ಕೋಬೇಕು, ಇನ್ನಷ್ಟು ದೊಡ್ಡಾಕಿ ಆದ್ರ ಅಲ್ಲಿ ಬಿಡ್ಲಾಕ ಭಯ ಅಂತ ಜಲ್ದಿ ಲಗ್ನ ಮಾಡ್ತಾರ. ಸಾಲ್ಯಾಗ ಹಾಜರಿ ಪುಸ್ತಕದಾಗ ಆ ಹುಡುಗಿ ಹೆಸರು ಇರ್ತದ, ಬೆಂಚಿನ ಮ್ಯಾಲ ಹುಡುಗಿ ಇರಲ್ಲ. ಮ್ಯಾಲ ಗಣಿತ, ಇಂಗ್ಲಿಷ್ ಮಾಸ್ತರು ಇಲ್ಲದ ಸಾಲಿಗಳು, ವರ್ಷದ ನಡುವ ಬರೋ ಅತಿಥಿ ಶಿಕ್ಷಕರು. 2011ರ ಜನಗಣತ್ಯಾಗ ಯಾದಗಿರಿ ಸಾಕ್ಷರತೆ 51.83%, ರಾಜ್ಯದ್ದು 75.36%, ಆ ಅಂತರ ಇನ್ನೊಂದು ತಲಿಮಾರಿಗಿ ದಾಟ್ಲತ್ತದ ಅಂತ ಅನಸ್ತದ.

ಮಂಡಳಿ ಅಕ್ಷರ ಆವಿಷ್ಕಾರ ಅಂತ ಶಿಕ್ಷಣಕ್ಕ ರೊಕ್ಕ ತಗದಿಟ್ಟಿದ್ದು ಒಳ್ಳೆ ನಡಿ, ಮನಸಾರೆ ಹೇಳ್ತೀನಿ. ಅದರಾಗ ಕೋಣಿ ಕಟ್ಟೋದರ ಜೊತಿಗಿ ಗುಳೆ ಹೋಗೋವ್ರ ಮಕ್ಕಳಿಗಿ ಹಂಗಾಮಿ ವಸತಿ ನಿಲಯ ಮಾಡ್ರಿ. ಇದು ಹೊಸಾ ವಿಚಾರ ಏನಲ್ಲ, ಒಡಿಶಾದ ನುವಾಪಾಡಾ, ಬಲಾಂಗೀರ್ ಕಡಿ ಮಾಡ್ಯಾರ, ಪಕ್ಕದ ಮಹಾರಾಷ್ಟ್ರದ ಬೀಡ ಜಿಲ್ಲಾದಾಗ ಕಬ್ಬು ಕಡಿಯೋವ್ರ ಮಕ್ಕಳಿಗಿ ಮಾಡ್ಯಾರ. ಅವ್ವ ಅಪ್ಪ ಹೋದ್ರೂ ಮಗು ತನ್ನ ಊರಾಗೇ ಅಜ್ಜಿ ಹತ್ರ, ಸಾಲ್ಯಾಗ ಊಟ ಮಾಡಿ ಓದ್ಕೊಂಡು ಇರ್ಬೇಕು. ಇದಕ್ಕೂ ಎಷ್ಟು ಮಕ್ಕಳು, ಯಾವ ಊರಾಗ ಅನ್ನೋ ಲೆಕ್ಕ ಬೇಕೇ ಬೇಕು, ನಾನು ಮತ್ತೆ ಅದೇ ಮಾತಿಗಿ ಬಂದೆ.

ಗ್ಯಾರಂಟಿ ಯೋಜನೆ ಬಗ್ಗೆ ಒಂದು ಮಾತು ಹೇಳ್ದೆ ಇರ್ಲಾಕ ಆಗಲ್ಲ, ಯಾಕಂದ್ರ ಬಿಟ್ಟಿ ಭಾಗ್ಯ ಅಂತ ಹೀಯಾಳಿಸೋವ್ರು ಭಾಳ ಮಂದಿ ಅದಾರ. ಗೃಹಲಕ್ಷ್ಮಿದು 2,000 ರೂಪಾಯಿ 2023ರ ಆಗಸ್ಟಿಂದ ಬರ್ಲತ್ತದ. ಬ್ರೆಜಿಲ್ ದೇಶ 2003ರಾಗ ಬೋಲ್ಸಾ ಫಮೀಲಿಯಾ ಅಂತ ಶುರು ಮಾಡಿ ಬಡವರ ಮನಿಗಿ, ಹೆಚ್ಚಾಗಿ ತಾಯಿ ಕೈಗೇ, ರೊಕ್ಕ ಕೊಡ್ತು, ಮಕ್ಕಳು ಸಾಲಿಗಿ ಹೋಗ್ಬೇಕು, ಲಸಿಕಿ ಹಾಕಿಸ್ಬೇಕು ಅಂತ ಷರತ್ತು ಇಡ್ತು, ದೇಶದ ಉತ್ಪನ್ನದಾಗ ನೂರಕ್ಕ ಅರ್ಧ ರೂಪಾಯಿ ಅಷ್ಟು ಖರ್ಚಿನಾಗ ಬಡತನನೂ ಅಸಮಾನತೆನೂ ಇಳಿಸ್ಲಾಕ ಅದು ಸಹಾಯ ಆಯ್ತು. ನನ್ನ ಸೆಂಟರಿಗಿ ಬರೋ ಹೆಣ್ಮಕ್ಕಳು ಆ ರೊಕ್ಕದಾಗ ಗುಳಿಗಿ ತಗೋತಾರ, ಮಗಳ ಫೀಸ್ ಕಟ್ತಾರ, ಕೂಲಿಗಿ ಕರ್ಕೊಂಡು ಹೋಗೋ ಮೇಸ್ತ್ರಿ ಹತ್ರ ಮುಂಗಡ ತಗೊಳ್ಳೋದು ಕಡಿಮಿ ಮಾಡ್ಯಾರ. ಈ ಕಡೇದು ಭಾಳ ದೊಡ್ಡ ಮಾತು. ಮುಂಗಡ ತಗೊಂಡವ ಕೂಲಿ ಎಷ್ಟು ಅಂತ ಕೇಳೋ ಹಕ್ಕು ಕಳ್ಕೋತಾನ, ಮೇಸ್ತ್ರಿ ಹೇಳಿದ ಊರಿಗಿ ಮೇಸ್ತ್ರಿ ಹೇಳಿದ ದಿನ ಹೊಂಡ್ಬೇಕು. ತಿಂಗಳಾ ಸರಿಯಾಗಿ ಬರೋ ಎರಡು ಸಾವಿರ ಆ ಹಗ್ಗ ಸಡಲ ಮಾಡ್ತದ. ಆದ್ರ ತಿಂಗಳಾ ಬರ್ಬೇಕು, ಮೂರು ನಾಕು ತಿಂಗಳದ್ದು ಒಮ್ಮೆಲೇ ಬಂದ್ರ ಆ ನಡುವ ಮುಂಗಡ ತಗೊಂಡಿರ್ತಾರ.

ರಾಜ್ಯದಾಗ ಯಾವ ಭಾಗ ಎಷ್ಟು ಹಿಂದುಳದದ ಅಂತ ನೋಡಿದ ನಂಜುಂಡಪ್ಪ ಸಮಿತಿ 2002ರಾಗ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕಿನಾಗ 21 ಆಗಿನ ಗುಲಬರ್ಗಾ ವಿಭಾಗದಾಗೇ ಇದ್ವು. ನಮ್ಮ ಭಾಗದವ್ರಿಗಿ ಓದಿನಾಗ, ನೌಕರ್ಯಾಗ ಮೀಸಲಾತಿ ಕೊಡೋ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷದ ಮ್ಯಾಲಾಯ್ತು, ಅದರಿಂದ ನಮ್ಮ ಹುಡುಗೂರು ಡಾಕ್ಟರ್, ಇಂಜಿನಿಯರ್ ಆಗ್ಯಾರ, ನೌಕರಿ ಹಿಡದಾರ, ಅದು ಹೋರಾಟ ಮಾಡಿದವರ ಪುಣ್ಯ. ಆದ್ರ ಮೀಸಲಾತಿ ಬಾಗಿಲಿಗಿ ಬಂದು ಮುಟ್ಟೋದೇ ಎಸ್ಸೆಸ್ಸೆಲ್ಸಿ ಪಾಸಾದವ್ರು. ಅರ್ಧಕ್ಕರ್ಧ ಮಕ್ಕಳು ಅದಕ್ಕಿಂತ ಮೊದಲೇ ಉದುರಿ ಹೋದ್ರ ನಮ್ಮೊಳಗೇ ಇನ್ನೊಂದು ಅಂತರ ಬೆಳೀತದ, ಕಲಬುರಗಿ ಪಟ್ಟಣದಾಗ ಮನಿ ಇದ್ದವ್ರಿಗೊಂದು ನ್ಯಾಯ, ತಾಂಡಾದವ್ರಿಗೆ, ಕೇರಿಯವ್ರಿಗೆ ಇನ್ನೊಂದು. 2023-24ರಿಂದ ಬಜೆಟ್‌ನ್ಯಾಗ ಮಂಡಳಿಗಿ ವರ್ಷಕ್ಕ 5,000 ಕೋಟಿ ಹೇಳ್ಲತ್ತಾರ. ಆ ರೊಕ್ಕ ಎಲ್ಲಿ ಹೋಯ್ತು ಅಂತ ಕೇಳಿದ್ರ ಇಷ್ಟು ಕಿಲೋಮೀಟರ್ ಸಿಸಿ ರೋಡ್, ಇಷ್ಟು ಸಮುದಾಯ ಭವನ, ಇಷ್ಟು ಪರ್ಸೆಂಟ್ ಖರ್ಚು ಅಂತ ಉತ್ತರ ಬರ್ತದ. ರೋಡ್ ಬ್ಯಾಡ ಅನ್ನಲ್ಲ. ಆ ರೋಡಿನ ಮ್ಯಾಲ ಮಂದಿ ಊರಿಗಿ ಬರ್ಲತ್ತಾರೋ ಊರು ಬಿಟ್ಟು ಹೊಂಟಾರೋ ಅಂತ ಕೇಳೋದು ನನ್ನ ಹಕ್ಕು.

ಎಣಸೋದು ಕಷ್ಟ ಏನಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂತ 1979ರಾಗ ಒಂದು ಬಂತು, ಅದು ರಾಜ್ಯದ ಗಡಿ ದಾಟಿದವರಿಗಿ. ಬೀದರದಿಂದ ಹೈದರಾಬಾದಿಗಿ ಹೋದವ ಅದರಾಗ ಬರ್ತಿದ್ದ, ಸುರಪುರದಿಂದ ಬೆಂಗಳೂರಿಗಿ ಹೋದವ ಬರ್ತಿದ್ದಿಲ್ಲ. ಹಂಗಾಗಿ ನಮ್ಮವ್ರನ್ನ ಯಾರೂ ಬರ್ಕೊಳ್ಳಲಿಲ್ಲ. ಈಗ ಪ್ರತಿ ಊರಾಗ ಆಶಾ ಅಕ್ಕ ಅದಾರ, ಅಂಗನವಾಡಿ ಟೀಚರ್ ಅದಾರ, ಯಾವ ಮನಿ ಎಂದು ಹೋಯ್ತು, ಯಾರು ಬಸುರಿ ಇದ್ರು, ಯಾವ ಕೂಸಿಗಿ ಲಸಿಕಿ ಉಳದದ ಅಂತ ಅವರ ಬಾಯಾಗೇ ಇರ್ತದ. ಸಾಲಿ ಮಾಸ್ತರಿಗಿ ಯಾವ ಹುಡುಗ ಬರ್ಲತ್ತಿಲ್ಲ ಅಂತ ಗೊತ್ತಿರ್ತದ. ಆದ್ರ ಅವರಿಗಿ ಪುಕ್ಕಟ ಕೆಲಸ ಹೇರಬ್ಯಾಡ್ರಿ, ಈಗಲೇ ಮೊಬೈಲಿನ್ಯಾಗ ಫೋಟೋ ಹಾಕಿ ಹಾಕಿ ಸೋತಾರ, ಈ ಲೆಕ್ಕಕ್ಕ ಬ್ಯಾರೆ ಗೌರವಧನ ಕೊಡ್ರಿ. ವರ್ಷಕ್ಕ ಎರಡು ಸಲ ಸಾಕು, ಎಳ್ಳಮಾಸಿ ಆದ ಮ್ಯಾಲ ಒಂದು, ಯುಗಾದಿ ಮುಂಚೆ ಒಂದು. ಹೆಸರು ಯಾರ್ದೂ ಹೊರಗ ಹಾಕೋದು ಬ್ಯಾಡ, ಪಂಚಾಯ್ತಿ ಹೆಸರು, ಮನಿ ಎಷ್ಟು, ಮಕ್ಕಳೆಷ್ಟು, ಎಲ್ಲಿಗಿ ಹೋದ್ರು, ಮುಂಗಡ ತಗೊಂಡಾರೋ ಇಲ್ಲೋ. ಯಾವ ಪಂಚಾಯ್ತ್ಯಾಗ ಜಾಸ್ತಿ ಮನಿಗಿ ಬೀಗ ಅದ ಅಲ್ಲಿಗಿ ಮೊದ್ಲು ರೊಕ್ಕ, ಅಲ್ಲಿಗಿ ಮೊದ್ಲು ಮಾಸ್ತರು, ಅಲ್ಲಿಗಿ ಮೊದ್ಲು ಉದ್ಯೋಗ ಖಾತ್ರಿ ಕೆಲಸ, ಅದೂ ರಾಶಿ ಮುಗಿದ ವಾರದಾಗೇ, ಮೇಸ್ತ್ರಿ ಗಾಡಿ ಬರೋಕಿಂತ ಮೊದ್ಲು. 2006ರಾಗ ಉದ್ಯೋಗ ಖಾತ್ರಿ ಮೊದಲ ಹಂತದಾಗ ಶುರುವಾದ ಜಿಲ್ಲಾಗಳ್ಯಾಗ ಬೀದರ್, ಗುಲಬರ್ಗಾ ಎರಡೂ ಇದ್ವು, ಯಾಕ ಇದ್ವು ಅನ್ನೋದು ನಿಮಗ ಗೊತ್ತದ.

ಮುಂದಿನ ವರ್ಷದ ಕ್ರಿಯಾ ಯೋಜನೆ ಸಹಿ ಆಗೂಕಿಂತ ಮೊದ್ಲು ಒಂದು ತಾಲ್ಲೂಕಿನಾಗಾದ್ರೂ ಇದನ್ನ ಮಾಡಿ ನೋಡ್ರಿ. ಗುರುಮಠಕಲ್ ಆಗ್ಲಿ, ಔರಾದ್ ಆಗ್ಲಿ, ಚಿಂಚೋಳಿ ಆಗ್ಲಿ. ಫಾರ್ಮ್ ತುಂಬ್ಲಾಕ, ಕಂಪ್ಯೂಟರಿಗಿ ಏರಿಸ್ಲಾಕ ಮಂದಿ ಬೇಕಂದ್ರ ನನ್ನಂಥ ಸೆಂಟರ್ ನಡಸೋವ್ರು ಪ್ರತಿ ಹೋಬಳ್ಯಾಗ ಅದೀವಿ, ನಾನಂತೂ ನಮ್ಮ ಪಂಚಾಯ್ತಿದ್ದು ರೊಕ್ಕ ತಗೊಳ್ಳದೇ ಮಾಡಿ ಕೊಡ್ತೀನಿ. ಉತ್ತರ ಬರೀತೀರಿ ಅಂತ ನಂಬೀನಿ.

ಇಂತಿ ನಿಮ್ಮ,
ಯಾದಗಿರಿ ಜಿಲ್ಲಾದ ಒಬ್ಬಾಕಿ ಹೆಣ್ಮಗಳು